ಕೆಸರಿಗೆ ದಾರಿ ಬಿಟ್ಟವರು

ನಾವೆಲ್ಲ ಎದುರು ನೋಡಿಕೊಂಡು ನಡೆಯುವ ಬೀದಿಯಲ್ಲಿ ಅವರು ಇಳಿಜಾರು ನೋಡಿಕೊಂಡು ನಡೆಯುತ್ತಿದ್ದರು. ನಾಲ್ಕು ಹೆಜ್ಜೆ ಹಾಕಿ ನಿಲ್ಲುವುದು, ತಲೆಯನ್ನು ಎಡಕ್ಕೆ ವಾಲಿಸಿ ನೆಲವನ್ನು ದಿಟ್ಟಿಸುವುದು, ಮತ್ತೆ ಯಾರದೋ ಗೇಟಿನ ಕಡೆಗೆ ಓರೆಯಾಗಿ ಸರಿಯುವುದು. ಹೊಸಬರು ಕಂಡರೆ ಪಾಪ, ಏನೋ ಕಳೆದುಕೊಂಡಿದ್ದಾರೆಂದು ತಾವೂ ಬಗ್ಗಿ ಹುಡುಕಬೇಕು, ಹಾಗೆ. ಮೂವತ್ತಮೂರು ವರ್ಷ ನಗರಸಭೆಯ ಚರಂಡಿ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದ ಈ ಮಹಾನುಭಾವರಿಗೆ ನಮ್ಮ ಗುಡ್ಡದ ಬಡಾವಣೆ ಇಟ್ಟ ಹೆಸರು ಮೋರಿ ಮೇಷ್ಟ್ರು. ಅವರು ಪಾಠ ಹೇಳಿದ್ದು ಯಾವ ಶಾಲೆಯಲ್ಲೂ ಅಲ್ಲ, ಸಿಕ್ಕಿದವರ ಬಾಗಿಲಲ್ಲಿ.

ಮೂಲಬಣ್ಣ ಯಾವುದೆಂದು ಅವರ ಹೆಂಡತಿಗೂ ಮರೆತುಹೋಗಿದ್ದ ಒಂದು ಕೋಟು, ಅದರ ಜೇಬಿನಲ್ಲಿ ಗಾರೆಯವರು ಗೋಡೆಯ ನೇರ ನೋಡಲು ಇಳಿಬಿಡುವ ತೂಕದ ಗುಂಡು, ಒಂದು ತುಂಡು ಸೀಮೆಸುಣ್ಣ, ಮುರಿದ ಬಿಸ್ಕತ್ತು. ಮಾತು ಕಡಮೆ. ಯಾರು ಏನು ಹೇಳಿದರೂ ಒಂದೇ ಪ್ರಶ್ನೆ: "ಆಮೇಲೆ ಎಲ್ಲಿಗೆ?" ಚಾವಣಿಯ ನೀರಿಗೆ ಹೊಸ ಕೊಳವೆ ಹಾಕಿಸಿದೆನೆಂದು ನಾನು ಬೀಗಿದಾಗ ಅದನ್ನೇ ಕೇಳಿದರು. ಪಕ್ಕದ ಮನೆಯವರು ತಮ್ಮ ಮಾವ ತೀರಿಕೊಂಡರೆಂದು ಹೇಳಿದಾಗಲೂ ಅಭ್ಯಾಸಬಲದಿಂದ ಅದೇ ಬಾಯಿಗೆ ಬಂದು, ಅರ್ಧದಲ್ಲೇ ನಾಲಿಗೆ ಕಚ್ಚಿಕೊಂಡರು.

ಆ ವರ್ಷ ಬೇಸಿಗೆಯ ಕೊನೆಗೆ ನಮ್ಮ ಮೇಲಿನ ಕಾಡು ಒಂಬತ್ತು ದಿನ ಉರಿಯಿತು. ಬೆಂಕಿ ಮನೆಗಳ ತನಕ ಬರಲಿಲ್ಲ. ತಲೆಗೆ ಬಂದದ್ದು ರುಮಾಲಿಗೆ ಹೋಯಿತೆಂದು ನಾವು ಉಸಿರುಬಿಟ್ಟೆವು. ಮೇಷ್ಟ್ರು ಮಾತ್ರ ಒಂದು ಕೆಟಲ್ ನೀರು ಹಿಡಿದು ಗುಡ್ಡ ಹತ್ತಿ, ಸುಟ್ಟ ನೆಲದ ಮೇಲೆ ಸುರಿದು ನೋಡಿ ಬಂದರು. ನೀರು ಒಂದು ತೊಟ್ಟೂ ಇಂಗದೆ, ಎಣ್ಣೆ ಸವರಿದ ಕಾವಲಿಯ ಮೇಲಿನ ಹನಿಯಂತೆ ಉರುಳಿಹೋಯಿತಂತೆ.

"ಬೆಂಕಿ ಇನ್ನೂ ಹೋಗಿಲ್ಲ ಸ್ವಾಮಿ, ಮಳೆ ಬರೋವರೆಗೆ ರಜೆ ಹಾಕಿದೆ ಅಷ್ಟೆ. ಬೂದಿ, ಮಣ್ಣು, ಬಂಡೆ ಎಲ್ಲಾ ಒಟ್ಟಿಗೆ ಇಳಿಯತ್ತೆ" ಎಂದರು.

ನಗರಸಭೆಯವರು ಬೀದಿಯ ತುದಿಯಲ್ಲಿ ಮರಳು, ಖಾಲಿ ಚೀಲ ಸುರಿದು ಹೋದರು. ಒಬ್ಬೊಬ್ಬರೂ ತಮ್ಮ ತಮ್ಮ ಗೇಟಿನ ಮುಂದೆ ಕೋಟೆ ಕಟ್ಟಿದೆವು. ನನ್ನದು ಎಲ್ಲರದಕ್ಕಿಂತ ಎತ್ತರ, ಎದೆಮಟ್ಟ; ಅದರ ಪಕ್ಕ ನಿಂತು ಫೋಟೋ ಕೂಡ ತೆಗೆಸಿಕೊಂಡೆ. ಮೇಷ್ಟ್ರು ಬಂದವರು ನನ್ನದೇ ಎರಡು ಬಕೆಟ್ಟು ನೀರು ಕೇಳಿ ಪಡೆದು ಬೀದಿಗೆ ಚೆಲ್ಲಿದರು. ನೀರು ನನ್ನ ಚೀಲಗಳಿಗೆ ಬಡಿದು, ತಿರುಗಿ, ಎದುರುಮನೆಯ ಚೀಲಗಳಿಗೂ ಬಡಿದು, ಬೀದಿಯ ನಡುವೆ ಒಂದಾಗಿ ಕೆಳಗಿನ ತಿರುವಿನತ್ತ ಓಡಿತು.

"ಆಮೇಲೆ ಎಲ್ಲಿಗೆ?"

"ಕೆಳಗೆ."

"ಕೆಳಗೆ ಅಂದ್ರೆ ಯಾರ ಮನೆ, ಹೇಳಿ."

ತಿರುವಿನ ಕೆಳಗೆ ಏಳು ಮನೆಗಳಿದ್ದವು. ಮೊದಲನೆಯದು ಬಟ್ಟೆ ಹೊಲಿಯುವಾಕೆಯದು. ಅವಳ ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅದೆಲ್ಲ ತಿಳಿದೂ ನಾನು, "ಅವರವರ ಮನೆ ಅವರವರು ನೋಡ್ಕೋಬೇಕಪ್ಪ" ಎಂದೆ. ಆ ಮಾತನ್ನು ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ.

ಮೇಷ್ಟ್ರ ಮನೆ ಸರಿಯಾಗಿ ಆ ತಿರುವಿನಲ್ಲಿತ್ತು. ಹಿತ್ತಲಿನ ಆಚೆಗೆ ಯಾರೂ ವಾಸವಿಲ್ಲದ ಆಳವಾದ ಕೊರಕಲು. ಅವರ ಕಾಂಪೌಂಡು ಗೋಡೆ ಒಡೆದರೆ ಕೆಸರು ತಿರುವಿನಲ್ಲಿ ತಿರುಗದೆ ನೇರವಾಗಿ ಆ ಕೊರಕಲಿಗೆ ಬೀಳುತ್ತಿತ್ತು. ಆದರೆ ದಾರಿಯ ನಡುವೆ ಅವರ ಹೆಂಡತಿಯ ಷೆಡ್ಡು. ಆಕೆ ಮೂವತ್ತು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಜಾಗ. ಇದೆಲ್ಲ ಮೇಷ್ಟ್ರಿಗೆ ಮೊದಲ ದಿನವೇ ಹೊಳೆದಿತ್ತು. ಹೆಂಡತಿಗೆ ಹೇಳಲು ಎಂಟು ದಿನ ಬೇಕಾಯಿತು. ಹರಿದ ನಿಘಂಟನ್ನು ಕಟ್ಟಿಸಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

"ಇಡೀ ಬೀದಿಯ ಕೆಸರಿಗೆ ದಾರಿ ಬಿಡೋಕೆ ನನ್ನ ಷೆಡ್ಡೇ ಬೇಕಾಯ್ತಾ ನಿಮಗೆ?"

"ಬೇರೆ ಎಲ್ಲೂ ಇಳಿಜಾರಿಲ್ಲ ಕಣೆ."

ಆಕೆ ಅಂಟಿನ ಕುಂಚ ತೊಳೆದಿಟ್ಟರು. ಆಮೇಲೆ, "ಎತ್ತೋಕಾಗೋದನ್ನೆಲ್ಲ ಎತ್ತಿಸಿ. ಕಾಗದ ಕತ್ತರಿಸೋ ಯಂತ್ರ ನಾಲ್ಕು ಜನಕ್ಕೂ ಅಲ್ಲಾಡಲ್ಲ. ಅದು ಹೋದ್ರೆ ಹೋಗ್ಲಿ" ಎಂದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಹಾರೆ ಹಿಡಿದು ತಮ್ಮ ಗೋಡೆಯನ್ನು ತಾವೇ ಒಡೆಯತೊಡಗಿದರು. ನನಗೆ ನಾಚಿಕೆ ಹುಟ್ಟಿದ್ದು ಆ ಸದ್ದು ಕೇಳಿದ ಮೇಲೆ. ನನ್ನ ಕೋಟೆಯನ್ನು ಕಿತ್ತು ಚೀಲಗಳನ್ನು ತಿರುವಿಗೆ ಹೊತ್ತುಕೊಂಡು ಹೋದೆ. ನೋಡಿದವರು ಒಬ್ಬೊಬ್ಬರಾಗಿ ಹಿಂದೆ ಬಂದರು. ಮೇಷ್ಟ್ರು ಎಳೆದ ಸೀಮೆಸುಣ್ಣದ ಗೆರೆಗುಂಟ, ಒಡೆದ ಗೋಡೆಯತ್ತ ಓರೆಯಾಗಿ, ಇಡೀ ಬೀದಿಗೆ ಸೇರಿ ಒಂದೇ ಒಡ್ಡು ಕಟ್ಟಿದೆವು. ಮಳೆ ಸೂಚನೆ ಬಂದ ದಿನ ಮೇಷ್ಟ್ರು ಕಾಡಿಬೇಡಿ ಕೆಳಗಿನ ಏಳೂ ಮನೆಗಳನ್ನು ಖಾಲಿ ಮಾಡಿಸಿದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅದು ಬಂತು. ನೀರಿನಂತೆ ಹರಿಯಲಿಲ್ಲ, ಕಲಸಿದ ಗಾರೆಯಂತೆ ದಪ್ಪಗೆ, ಸುಟ್ಟ ಮರದ ದಿಮ್ಮಿಗಳನ್ನೂ ಬಂಡೆಗಳನ್ನೂ ಹೊತ್ತು ಗುಡುಗುತ್ತ ಬಂದು, ಒಡ್ಡಿಗೆ ತಾಗಿ, ಗೋಡೆಯ ಬಾಯಿಗೆ ನುಗ್ಗಿತು. ಷೆಡ್ಡು ಅರ್ಧವಾದರೂ ಉಳಿಯುತ್ತದೆಂಬ ಮೇಷ್ಟ್ರ ಲೆಕ್ಕ ತಪ್ಪಿತ್ತು. ಷೆಡ್ಡು ಪೂರ್ತಿ ಹೋಯಿತು, ಅಡುಗೆಮನೆಯ ಕಿಟಕಿಯವರೆಗೂ ಕೆಸರು ನಿಂತಿತು. ನನ್ನ ಮನೆಯ ಮಹಡಿಯಿಂದ ನೋಡುತ್ತಿದ್ದ ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಾಲ್ಕು ಜನರೆದುರು ಹೆಂಡತಿಯನ್ನು ಹೆಸರು ಹಿಡಿದೂ ಕರೆಯದ ಮೇಷ್ಟ್ರು ಆಕೆಯ ಕೈ ಹಿಡಿದುಕೊಂಡು ನಿಂತಿದ್ದರು. ನನಗೂ ಕಣ್ಣು ತುಂಬಿತು. ಕೆಳಗಿನ ಮನೆಗಳ ಮೆಟ್ಟಿಲಿಗೆ ಕೂಡ ಕೆಸರು ತಾಗಿರಲಿಲ್ಲ.

ವಾರದ ಮೇಲೆ, ನಾನೂ ಮೇಷ್ಟ್ರೂ ಅವರ ಅಂಗಳದ ಕೆಸರು ಎತ್ತುತ್ತಿದ್ದಾಗ, ಕೆಳಗಿನ ಕೊನೆಮನೆಯ ಹಿರಿಯರು ಆ ದಾರಿಯಲ್ಲಿ ಹೋಗುತ್ತ ನಿಂತು, ನನಗೆ, "ನಮ್ಮನೆ ಕಡೆ ಒಂದು ಹಿಡಿ ಮಣ್ಣೂ ಬರ್ಲಿಲ್ಲ ನೋಡಿ. ಸುಮ್ನೆ ಹೆದರಿಸಿ ಮನೆ ಖಾಲಿ ಮಾಡಿಸಿದ್ರು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ನನ್ನ ಮೊಣಕೈ ಅದುಮಿದರು.

"ಇರ್ಲಿ ಬಿಡಿ. ಅವರಿಗೆ ಹಾಗೆ ಅನ್ನಿಸ್ಲಿ ಅಂತಾನೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

ಕಟ್ಟಿದವರ ಹೆಸರು ಕಲ್ಲಿನ ಮೇಲಾದರೂ ಉಳಿಯುತ್ತದೆ. ಅನಾಹುತವನ್ನು ತಪ್ಪಿಸುವವರ ಕೆಲಸಕ್ಕೆ ಸಾಕ್ಷಿಯೆಂಬುದೇ ಇಲ್ಲ. ಆಗದೆ ಹೋದದ್ದನ್ನು ಯಾರಿಗೆ ತಾನೇ ತೋರಿಸಲಾದೀತು? ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ, ನಾವು ಅವರಿಗೆ ಅಡ್ಡಹೆಸರಿಟ್ಟು ನಗುತ್ತೇವೆ. ಈಗ ನನಗೆ ಅನ್ನಿಸುವುದು ಇಷ್ಟೆ: ನಾವು ನಮ್ಮ ಅದೃಷ್ಟವೆಂದು ಹೇಳಿಕೊಂಡು ತಿರುಗುವುದರಲ್ಲಿ ಅರ್ಧಕ್ಕರ್ಧ, ನಮಗೆ ತಿಳಿಸದೆಯೇ ಯಾರೋ ಒಪ್ಪಿಕೊಂಡ ನಷ್ಟ.