ಆರಿಸಲಾಗದ ಪೆಟ್ಟಿಗೆ

ಯಾವ ಯಂತ್ರಕ್ಕಾದರೂ ಹತ್ತಿಸಲೊಂದು, ಆರಿಸಲೊಂದು, ಎರಡು ಗುಂಡಿ ಸಾಕು ಅನ್ನುವುದು ಬೈರಾಪಟ್ಟಣದ ಶಿವಲಿಂಗಮ್ಮನ ವಾದ. ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದ ಹೆಂಗಸಿನ ಮಾತನ್ನು ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಸೊಸೆ ಭಾನುಪ್ರಿಯ ಹುಳದ ಮನೆಯ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಹೊಡೆಸಿಯೇಬಿಟ್ಟಳು. ಸೆಕೆ, ತೇವ ಎರಡನ್ನೂ ಅದೇ ಅಳೆದು, ತಾನಾಗಿ ಮಂಜಿನಂತೆ ನೀರು ಚಿಮ್ಮಿಸಿ ಫ್ಯಾನು ತಿರುಗಿಸುತ್ತದಂತೆ. ಅತ್ತೆಗೆ ಓಡಾಟ ತಪ್ಪಲಿ ಅನ್ನುವುದೇ ಅವಳ ಆಸೆ, ಅದರಲ್ಲಿ ಕಪಟವಿರಲಿಲ್ಲ.

ಆ ಪೆಟ್ಟಿಗೆಗೆ ಗುಂಡಿಯೇ ಇರಲಿಲ್ಲ. ಗಾಜಿನ ಮೇಲೆ ಬರೀ ಚಿತ್ರಗಳು. ಒಂದನ್ನು ಒತ್ತಿ ಹಿಡಿದರೆ ಇನ್ನೈದು ಬರುತ್ತಿದ್ದವು, ಅದರಲ್ಲೊಂದನ್ನು ಮುಟ್ಟಿದರೆ ನಂಬರು ಕೇಳುತ್ತಿತ್ತು, ನಂಬರು ನೆನಪಾಗುವಷ್ಟರಲ್ಲಿ ಗಾಜೇ ಕಪ್ಪಾಗುತ್ತಿತ್ತು. ಸೊಪ್ಪು ಕುಯ್ದು ಕುಯ್ದು ಒರಟಾದ ಶಿವಲಿಂಗಮ್ಮನ ಬೆರಳನ್ನಂತೂ ಅದು ಬೆರಳೆಂದೇ ಒಪ್ಪುತ್ತಿರಲಿಲ್ಲ. ಎಂಥಾ ಸೊಕ್ಕು ನೋಡಿ.

ತಂಗಿಯ ಸೀಮಂತಕ್ಕೆಂದು ಭಾನುಪ್ರಿಯ ಕನಕಪುರಕ್ಕೆ ಹೋದ ದಿನವೇ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವ ಹೊತ್ತು. ಆಗ ಮನೆ ಒಣಗಿರಬೇಕು. ತೇವ ನಿಂತಿತೋ, ಸುಣ್ಣಕಟ್ಟು ರೋಗ ಬಂದು ಇಡೀ ಬೆಳೆ ತಿಪ್ಪೆ ಸೇರುತ್ತದೆ.

ಶಿವಲಿಂಗಮ್ಮ ತೇವ ತಿಳಿಯಲೆಂದು ಬಾಗಿಲ ಬಳಿ ಕರಟದಲ್ಲಿಟ್ಟಿದ್ದ ಕಲ್ಲುಪ್ಪು ಮುಟ್ಟಿ ನೋಡಿದಳು. ನೀರು ಬಿಟ್ಟಿತ್ತು. ಒಳಗೆ ಪೆಟ್ಟಿಗೆ ಬುಸ್ಸೆಂದು ಮಂಜು ಉಗುಳುತ್ತಲೇ ಇತ್ತು. ಗಾಜು ಒತ್ತಿದಳು, ಸೆರಗಿನಲ್ಲಿ ಒರೆಸಿ ಒತ್ತಿದಳು. ಒಂದು ಬೀಗ, ಪಕ್ಕದಲ್ಲೊಂದು ಮಗುವಿನ ಮುಖ ಮೂಡಿತು. ಮಕ್ಕಳು ಮುಟ್ಟದಿರಲೆಂದು ಹಾಕುವ ಬೀಗವಂತೆ. ಅರವತ್ತು ದಾಟಿದವಳಿಗೆ ಮೈಯೆಲ್ಲ ಉರಿದುಹೋಯಿತು.

ಸೊಸೆಗೆ ಫೋನು ಮಾಡಿದರೆ ಸೀಮಂತದ ಗದ್ದಲದಲ್ಲಿ ಎತ್ತಲಿಲ್ಲ. ಕಂಪನಿಗೆ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಒತ್ತಿಸಿ ಒತ್ತಿಸಿ ಕೊನೆಗೆ ಪೆಟ್ಟಿಗೆಯ ಫೋಟೋ ಕಳಿಸಿ ಅಂದಿತು. ಮೇನ್ ಸ್ವಿಚ್ಚನ್ನೇ ಆರಿಸಿದಳು. ಮನೆಯ ದೀಪವೆಲ್ಲ ಹೋಯಿತು, ಪೆಟ್ಟಿಗೆ ಮಾತ್ರ ಒಳಗಿನ ಬ್ಯಾಟರಿಯಿಂದ ಕುಂಯ್ ಕುಂಯ್ ಅನ್ನುತ್ತಾ ಮಂಜು ಬಿಡುತ್ತಲೇ ಹೋಯಿತು. ಅವಳು ಕುಡುಗೋಲು ತೆಗೆದುಕೊಂಡಳು.

ಗಂಡ ಬೋರಲಿಂಗಯ್ಯ ಅಡ್ಡ ಬಂದ. "ಮುಟ್ಟಬ್ಯಾಡ ಕಣೆ, ಸೀಲ್ ಒಡದ್ರೆ ಗ್ಯಾರಂಟಿ ಹೊಂಟೋಯ್ತದೆ."

"ನನ್ ಹುಳಕ್ಕೆ ಯಾರ್ ಕೊಟ್ಟವ್ರೆ ಗ್ಯಾರಂಟಿ?" ಅಂದವಳೇ ಸೀಲು ಸೀಳಿ, ಮುಚ್ಚಳ ಎಬ್ಬಿಸಿ, ಬ್ಯಾಟರಿಯ ತಂತಿ ಕಿತ್ತಳು. ಸದ್ದಡಗಿತು. ಆಮೇಲೆ ಕಿಟಕಿಗಳನ್ನೆಲ್ಲ ತೆರೆದು, ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿ, ಸಂಜೆವರೆಗೂ ಉಪ್ಪು ಮುಟ್ಟಿ ಮುಟ್ಟಿ ನೋಡಿದಳು.

ಭಾನುಪ್ರಿಯ ಬರುವಷ್ಟರಲ್ಲಿ ಹುಳ ಎದ್ದು ಚರಚರನೆ ಸೊಪ್ಪು ತಿನ್ನುತ್ತಿದ್ದವು. ಜೋತುಬಿದ್ದ ಪೆಟ್ಟಿಗೆ ಕಂಡು ಅವಳ ಮುಖ ಸಣ್ಣದಾಯಿತು. ಅತ್ತೆ ಎಲ್ಲ ಹೇಳಿದಳು. ಸೊಸೆ ಹುಳದತ್ತ ನೋಡಿ, ತಾನೂ ಒಂದು ಹಿಡಿ ಸೊಪ್ಪು ಹಾಕಿದಳು.

ಎರಡು ದಿನಕ್ಕೆ ರಾಮನಗರದಿಂದ ಕಂಪನಿಯ ರಿಪೇರಿಯ ಸಾದಿಕ್ ಬಂದ. ಒಳ್ಳೆಯವನು. ಕರೆಂಟು ಏರುಪೇರಾಗಿ ಕೆಟ್ಟಿತು ಎಂದರೆ ಹೊಸ ಪೆಟ್ಟಿಗೆ ಪುಕ್ಕಟೆ ಬರುತ್ತದೆ, ಸೀಲು ನಾನೇ ತೆಗೆದೆ ಅಂತ ಬರೆದುಕೊಳ್ಳುತ್ತೇನೆ ಅಂದ. ಬೋರಲಿಂಗಯ್ಯ ಆಗಲೇ ತಲೆಯಾಡಿಸಿಬಿಟ್ಟಿದ್ದ.

"ಕರೆಂಟ್ ಮ್ಯಾಲೆ ಯಾಕಪ್ಪ ಸುಳ್ಳು ಹೊರಿಸ್ತೀಯ?" ಅಂದಳು ಶಿವಲಿಂಗಮ್ಮ. "ನಾನೇ ಕಿತ್ತಿದ್ದು ಅಂತ ಬರ್ಕೊ. ಯಾಕೆ ಅಂತ್ಲೂ ಬರಿ."

ಸಾದಿಕ್ ಫೋನು ತೋರಿಸಿದ. ಕೆಟ್ಟದ್ದಕ್ಕೆ ಅದರಲ್ಲಿ ಐದೇ ಕಾರಣಗಳಿದ್ದವು, ಒಂದನ್ನು ಒತ್ತಬೇಕು, ಬೇರೆ ಬರೆಯಲು ಜಾಗವಿಲ್ಲ.

ಶಿವಲಿಂಗಮ್ಮ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ ಮಡಿಲಲ್ಲಿ ಬೋರಲು ಹಾಕಿಕೊಂಡಳು. ಸೊಸೆಯಿಂದ ದಪ್ಪ ಪೆನ್ನು ತರಿಸಿ, ಬಿಳಿ ಬೆನ್ನಿನ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ಇದನ್ನು ಆರಿಸಲು ಗುಂಡಿ ಇಲ್ಲ. ಹುಳ ಉಳಿಸಲು ನಾನೇ ಕಿತ್ತೆ. ಶಿವಲಿಂಗಮ್ಮ, ಬೈರಾಪಟ್ಟಣ.

ಇದನ್ನು ಹೀಗೇ ಕಂಪನಿಗೆ ಕೊಡು ಎಂದು ಸಾದಿಕನ ಕೈಗಿಡಲು ಹೋದಳು. ಭಾನುಪ್ರಿಯ ತಡೆದಳು. ಅತ್ತೆಯ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಕೆಳಗೆ ತನ್ನ ಹೆಸರನ್ನೂ ಬರೆದಳು.