ಊರು ನಡುಗಿಸಿದ ಮೇಸ್ತ್ರಿ

ಉಚ್ಚೀರಪ್ಪ ಇಂಜಿನ್ ಮನೆಯೊಳಗೆ ಒಂದು ದಿನವೂ ಮೆಟ್ಟು ಹಾಕಿಕೊಂಡು ಕಾಲಿಟ್ಟವನಲ್ಲ. ಆದವಾನಿಯ ಕೊಟ್ರಬಸಪ್ಪ ಸಾವುಕಾರರ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಹನ್ನೊಂದು ವರ್ಷದಿಂದ ಅವನೇ ಇಂಜಿನ್ ಮೇಸ್ತ್ರಿ. ಮೆಟ್ಟುಗಳನ್ನು ಬಾಗಿಲ ಹೊರಗೆ ಬಿಟ್ಟು, ಒಳಗೆ ಬಂದು, ಗಚ್ಚಿನ ನೆಲದ ಮೇಲೆ ಎರಡೂ ಹಿಮ್ಮಡಿ ಊರಿ ನಿಂತನೆಂದರೆ ಸಾಕು. ಯಾವ ಕೀಲಿಗೆ ಎಣ್ಣೆ ಆರಿದೆ, ಯಾವ ಪಟ್ಟಾ ಸಡಿಲಾಗಿದೆ, ಬಾಯ್ಲರಿಗೆ ಸೌದೆ ಹಾಕುವ ಕೆಂಚಣ್ಣ ಎಚ್ಚರವಾಗಿದ್ದಾನೋ ತೂಕಡಿಸುತ್ತಿದ್ದಾನೋ, ಎಲ್ಲವೂ ನೆಲದಿಂದ ಅವನ ಕಾಲಿಗೆ ಏರಿ ಬರುತ್ತಿತ್ತು. ನಮ್ಮ ಮೇಸ್ತ್ರಿಗೆ ಕಿವಿ ಇರುವುದು ಪಾದದಲ್ಲಿ ಎಂದು ಸಾವುಕಾರರು ಬಂದ ಬೀಗರಿಗೆಲ್ಲ ಹೇಳಿ ನಗುತ್ತಿದ್ದರು. ಹಾಗೆ ಹೇಳಿಸಿಕೊಳ್ಳುವುದು ಉಚ್ಚೀರಪ್ಪನಿಗೂ ಹಿತವಾಗಿತ್ತು.

ಆ ಮಾಘ ಮಾಸದಲ್ಲಿ ಅದೇ ಕಾಲು ಅವನಿಗೆ ಬೇಡದ ಸುದ್ದಿಯೊಂದನ್ನು ಹೇಳಿತು. ಇಂಜಿನ್ನನ್ನು ಅಡಿಪಾಯಕ್ಕೆ ಬಿಗಿದ ನಾಲ್ಕು ದೊಡ್ಡ ಬೋಲ್ಟುಗಳಲ್ಲಿ ಬಾವಿ ಕಡೆಯದು ಗಾರೆಯೊಳಗೆ ಅಲ್ಲಾಡತೊಡಗಿತ್ತು. ಸರಿಪಡಿಸುವ ದಾರಿ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಇಂಜಿನ್ ನಿಲ್ಲಿಸಬೇಕು, ಹಳೆ ಗಾರೆ ಒಡೆದು ತೆಗೆಯಬೇಕು, ಹೊಸದು ಹಾಕಿ ಒಣಗಲು ಬಿಡಬೇಕು, ಒಟ್ಟು ಎಂಟು ದಿನದ ಕೆಲಸ. ಆದರೆ ಹತ್ತಿಯ ಸುಗ್ಗಿ ಭರ್ತಿ ನಡೆದಿತ್ತು. ಪೆದ್ದಹರಿವಾಣ, ಆಲೂರು ಕಡೆಯಿಂದ ಬಂದ ಬಂಡಿಗಳು ರೈಲ್ವೆ ಗೇಟಿನವರೆಗೂ ಸಾಲುಗಟ್ಟಿದ್ದವು. ಇಂಜಿನ್ ನಿಂತರೆ ಜಿನ್ನುಗಳಿಗೆ ಹತ್ತಿ ಉಣಿಸುವ ಇಪ್ಪತ್ತು ಹೆಣ್ಣುಮಕ್ಕಳ ಕೆಲಸವೂ ನಿಲ್ಲುತ್ತಿತ್ತು. ಅವರಲ್ಲಿ ಅವನ ಹೆಂಡತಿ ಗಾದಿಲಿಂಗಮ್ಮನೂ ಒಬ್ಬಳು. ಉಚ್ಚೀರಪ್ಪ ಯಾರಿಗೂ ಹೇಳಲಿಲ್ಲ. ಕರಿಜಾಲಿಯ ಒಂದು ಬೆಣೆ ಕೆತ್ತಿ, ಎಣ್ಣೆಯಲ್ಲಿ ನೆನೆಸಿ, ಬೋಲ್ಟಿನ ಮಗ್ಗುಲಿಗೆ ಸುತ್ತಿಗೆಯಿಂದ ಹೊಡೆದು ಕೂರಿಸಿದ. ಯುಗಾದಿ ಕಳೆಯಲಿ, ಆಮೇಲೆ ನೋಡಿದರಾಯಿತು ಎಂದುಕೊಂಡ. ಅಂದಿನಿಂದ ದಿನವೂ ಬೆಳಿಗ್ಗೆ ಇಂಜಿನ್ನಿಗೆ ಕೈ ಮುಗಿಯುವ ಮೊದಲು ಆ ಬೆಣೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ರೂಢಿಯಾಯಿತು. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಬೆಣೆ ಹೊಡೆದ ಹತ್ತನೆಯ ದಿನ, ಮಧ್ಯಾಹ್ನದ ಊಟದ ಬಿಡುವು ಮುಗಿದು ಇಂಜಿನ್ ಮತ್ತೆ ಓಟ ಹಿಡಿದಿತ್ತಷ್ಟೆ. ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದ ಉಚ್ಚೀರಪ್ಪನ ಹಿಮ್ಮಡಿಗೆ ಯಾವುದೋ ಗುರುತಿಲ್ಲದ ನಡುಕ ತಾಕಿತು. ಇಂಜಿನ್ನಿನ ಏಟು ಮೇಲಿಂದ ಕೆಳಕ್ಕೆ ಬೀಳುತ್ತದೆ. ಇದು ಕೆಳಗಿಂದ ಮೇಲಕ್ಕೆ ಬಂತು. ಒಮ್ಮೆ ಗುದ್ದಿ, ಆಮೇಲೆ ಅಡ್ಡಡ್ಡ ಹರಿಯಿತು, ಕೇರುವ ಮೊರದಲ್ಲಿ ಕಾಳು ಸರಿದಂತೆ. ದೊಡ್ಡ ಚಕ್ರದಿಂದ ಪಟ್ಟಾ ಜಾರಿ ಗೋಡೆಗೆ ಬಡಿಯಿತು. ಸೂರಿನಿಂದ ಹತ್ತಿಯ ಧೂಳು ಮುದ್ದೆಮುದ್ದೆಯಾಗಿ ಉದುರಿತು. ಅವನ ತಲೆಯಲ್ಲಿ ಹೊಳೆದದ್ದು ಒಂದೇ: ಬೆಣೆ ಹಾರಿತು, ಇಂಜಿನ್ ಬುಡ ಬಿಟ್ಟು ಎದ್ದಿತು. ಧೂಳಿನಲ್ಲಿ ಬುಡ ಕಾಣುತ್ತಿರಲಿಲ್ಲ, ಬಗ್ಗಿ ನೋಡಲು ಹೊತ್ತೂ ಇರಲಿಲ್ಲ.

ಉಗಿಯ ಗಾಲಿಯನ್ನು ತಿರುಗಿಸಿ ಮುಚ್ಚಿದ. ಬಾಯ್ಲರಿನ ಸರಪಳಿಗೆ ಜೋತುಬಿದ್ದು ಉಗಿಯನ್ನೆಲ್ಲ ಹೊರಕ್ಕೆ ಬಿಟ್ಟ. ಅದರ ಕಿರುಚಾಟಕ್ಕೆ ಜಿನ್ನಿನ ಶೆಡ್ಡಿನೊಳಗಿದ್ದ ಹೆಣ್ಣುಮಕ್ಕಳು ಹೊರಗೆ ಓಡಿಬಂದರು. ಗಾದಿಲಿಂಗಮ್ಮ ಬುಟ್ಟಿಯಲ್ಲಿ ಮಲಗಿದ್ದ ಎಂಟು ತಿಂಗಳ ಮಗಳನ್ನು ಬುಟ್ಟಿಯ ಸಮೇತ ಎತ್ತಿಕೊಂಡು ಬಂದಿದ್ದಳು. ಬಸವಕ್ಕ ಎಂಬಾಕೆ ಬಾಗಿಲಲ್ಲಿ ಎಡವಿ ಬಿದ್ದು ಕಾಲು ಉಳುಕಿಸಿಕೊಂಡಳು. ಅಷ್ಟರಲ್ಲಿ ಹೊಗೆಕೊಳವೆಯ ನೆತ್ತಿಯ ಇಟ್ಟಿಗೆ ಸಾಲೊಂದು ಕಳಚಿ ಹತ್ತಿಕಾಳಿನ ರಾಶಿಯ ಮೇಲೆ ಬಿತ್ತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದು, ಉಗಿಯ ಸದ್ದೂ ನಿಂತು, ಜಿನ್ನಿನ ಅಂಗಳ ಹಬ್ಬದ ರಜೆಯಂತೆ ಸುಮ್ಮನಾಯಿತು.

ಊರು ಮಾತ್ರ ಸುಮ್ಮನಿರಲಿಲ್ಲ. ಗೇಟಿನ ಮುಂದೆ ಜನ ಸೇರಿದರು. ಒಬ್ಬರ ಮನೆಯಲ್ಲಿ ಒಂದರ ಮೇಲೊಂದು ಇಟ್ಟ ಅಡಕಲ ಗಡಿಗೆಗಳು ಉರುಳಿದ್ದವು, ಒಬ್ಬರ ಹಿತ್ತಿಲ ಗೋಡೆ ಕೂತಿತ್ತು, ಕಿರಾಣಿ ಅಂಗಡಿಯ ನರಸಣ್ಣನ ಎಣ್ಣೆಯ ಡಬ್ಬ ಅವನ ತೊಡೆಯ ಮೇಲೆಯೇ ಮಗುಚಿತ್ತು. ಅದು ಯುದ್ಧದ ಕಾಲ. ಬಾಂಬು ಬಿತ್ತೆಂದು ಒಬ್ಬ ಹೇಳಿ ನೋಡಿದ. ಆದರೆ ಜಿನ್ನಿನಿಂದ ಏಳುತ್ತಿದ್ದ ಬಿಳಿ ಉಗಿಯನ್ನೂ ನೆತ್ತಿ ಮುರಿದ ಹೊಗೆಕೊಳವೆಯನ್ನೂ ಎಲ್ಲರೂ ಕಣ್ಣಾರೆ ಕಂಡಿದ್ದರು. ಕೊಟ್ರಬಸಪ್ಪನ ಬಾಯ್ಲರು ಸಿಡಿಯಿತು, ಊರೇ ನಡುಗಿತು ಎಂಬ ಮಾತು ಸಂತೆಪೇಟೆ ಮುಟ್ಟಿ ಹಿಂದಕ್ಕೂ ಬಂತು. ಭೂಕಂಪ ಎಂಬ ಮಾತು ಆದವಾನಿಗೆ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಬಿಹಾರದಲ್ಲಿ ಆದಾಗ ಓಣಿಯವರು ಹಳೆಯ ಸೀರೆ ಪಂಚೆ ಗಂಟು ಕಟ್ಟಿ ಕೊಟ್ಟಿದ್ದರು. ಆದರೆ ಅದು ಕಾಶಿಯ ಆಚೆಗೆ ಆಗುವಂಥದು. ಬಂಡೆಗಳ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಕೂತ ಊರು ತಾನಾಗಿ ಅಲುಗೀತು ಎಂದು ಯಾರಿಗೆ ತೋಚಬೇಕು? ಎದುರಿಗೇ ಇಷ್ಟು ದೊಡ್ಡ ಇಂಜಿನ್ ಇರುವಾಗ?

ಸಾವುಕಾರರು ಅಂಗಳದ ನಡುವೆ ನಿಂತು ಏನಾಯಿತೆಂದು ಕೇಳಿದರು. ಕೆಂಚಣ್ಣ ತನ್ನ ಉರಿಯೂ ನೀರೂ ಬರೋಬ್ಬರಿ ಇದ್ದವೆಂದು ಮೊದಲೇ ಹೇಳಿ ಪಾರಾದ. ಉಚ್ಚೀರಪ್ಪ ಬಾಯಿ ಬಿಡದಿದ್ದರೆ ಅಲ್ಲಿಗೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಹತ್ತು ದಿನದಿಂದ ಎದೆಯಲ್ಲಿ ಕೂತದ್ದು ತಾನೇ ದಾರಿ ಮಾಡಿಕೊಂಡು ಬಂತು.

"ತಪ್ಪು ನಂದ ಐತ್ರಿ ಸಾವುಕಾರ್ರೇ. ಬೋಲ್ಟು ಸಡ್ಲಾಗಿತ್ತು. ನಾನು ಕಟಿಗಿ ಬೆಣಿ ಹೊಡದಿದ್ದೆ."

ಸಾವುಕಾರರ ಮುಖ ಕೆಂಪಾಯಿತು. ಅವರು ಕೂಗಾಡುವ ಮನುಷ್ಯರಲ್ಲ. ಗುಂತಕಲ್ಲಿನಲ್ಲಿ ರೈಲಿನ ಕೆಲಸ ಬಿಟ್ಟ ಮೇಸ್ತ್ರಿಯೊಬ್ಬ ಇದ್ದಾನೆ, ನಾಳೆಯೇ ಕರೆಸುತ್ತೇನೆ, ನೀನು ಇನ್ನು ಬರಬೇಡ ಎಂದು ಎಲ್ಲರೆದುರು ಹೇಳಿ ಒಳಗೆ ಹೋದರು. ಎಣ್ಣೆ ತೊಟ್ಟಿಕ್ಕುವ ಪಂಚೆಯಲ್ಲೇ ನಿಂತಿದ್ದ ನರಸಣ್ಣ, "ಏಮಯ್ಯಾ ಮೇಸ್ತ್ರಿ, ಕಟಿಗಿ ಬೆಣಿ ಮ್ಯಾಲ ಊರು ನಿಲ್ಲಿಸಿದ್ದೇನು?" ಅಂದ. ಕೆಲವರು ನಕ್ಕರು. ಉಳುಕಿದ ಕಾಲನ್ನು ಒತ್ತಿಕೊಳ್ಳುತ್ತಿದ್ದ ಬಸವಕ್ಕ ನಗಲಿಲ್ಲ.

ಮನೆಗೆ ಬಂದ ಮೇಲೆ ಗಾದಿಲಿಂಗಮ್ಮ ನೇರವಾಗಿ ಒಲೆಯ ಕಡೆ ಹೋದಳು. ಒಲೆಯ ಹಿಂದಿನ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು; ಅದನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಶುರು ಮಾಡಿದಳು. ಯಾರು ಕೇಳಿದ್ದರು ಅಂತ ಬೆಣೆಯ ಮಾತು ತೆಗೆದಿರಿ? ಕೆಂಚಣ್ಣನಿಗೆ ಇರುವಷ್ಟು ಬುದ್ಧಿ ನಿಮಗಿಲ್ಲವೇ? ಅಲ್ಲಿಂದ ಅವಳ ಮಾತು ತಾನಾಗಿ ಮತ್ತೊಂದು ಕಡೆಗೆ ಹೊರಳಿತು. ಹತ್ತು ದಿನದಿಂದ ಆ ಇಂಜಿನ್ನಿನ ಮಗ್ಗುಲ ಶೆಡ್ಡಿನಲ್ಲೇ ತಾನು ಕೂತಿದ್ದೆ, ಕೂಸು ಬುಟ್ಟಿಯಲ್ಲಿ ಮಲಗಿತ್ತು, ತನಗಾದರೂ ಒಂದು ಮಾತು ಹೇಳಬಾರದಿತ್ತೇ ಎಂದಳು. ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ, ನೋಡಿಕೊಳ್ಳಿರೆಂದು ಹೇಳಿ, ಕೊಡ ಎತ್ತಿಕೊಂಡು ಸೇದುವ ಬಾವಿಗೆ ಹೋದಳು.

ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಬಂದ, ಹೊರಗೆ ಹೋದ. ಕಟ್ಟೆಯ ಮೇಲೆ ಕೂತು ಎದ್ದ. ಆದ ನಡುಕವನ್ನು ನೆನಪಿನಲ್ಲಿ ಮತ್ತೆ ಮತ್ತೆ ತಿರುವಿ ಹಾಕಿದ. ಒಂದು ಬೋಲ್ಟು ಕಿತ್ತರೆ ಇಂಜಿನ್ ಒಂದು ಮೂಲೆಗೆ ಬಡಿಯಬೇಕು, ಇದು ಹಾಗಿರಲಿಲ್ಲ. ಆದರೆ ಹಾಗಿರಲಿಲ್ಲವೆಂದು ಈಗ ಯಾರಿಗೆ ಹೇಳುವುದು? ಹನ್ನೊಂದು ವರ್ಷ ನಂಬಿದ ಕಾಲುಗಳ ಮೇಲೇ ಅವನಿಗೆ ಅನುಮಾನ ಬಂದಿತ್ತು. ಇನ್ನು ಯಾವ ಇಂಜಿನ್ನಿನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಗುಂತಕಲ್ಲಿನವನು ಮೆಟ್ಟು ಹಾಕಿಕೊಂಡೇ ಒಳಗೆ ಬರುತ್ತಾನೇನೋ ಎಂಬ ಯೋಚನೆ ಬಂದು ಮತ್ತೆ ಓಣಿಗೆ ಇಳಿದ.

ಹೊತ್ತು ಮುಳುಗುವ ಸಮಯ. ದನಗಳು ಮನೆಗೆ ಬರುತ್ತಿದ್ದವು. ಮುಂದಿನ ಎಮ್ಮೆಯೊಂದು ಓಣಿಯ ನಡುವೆ ನಿಂತುಬಿಟ್ಟಿತು. ಎಷ್ಟು ಹೊಡೆದರೂ ಹೆಜ್ಜೆ ಎತ್ತಲೊಲ್ಲದು. ಅದೇಕೆಂದು ನೋಡುತ್ತಿದ್ದ ಉಚ್ಚೀರಪ್ಪನ ಹಿಮ್ಮಡಿಗೆ ಅದೇ ಗುದ್ದು ಬಂತು. ಕೆಳಗಿಂದ ಮೇಲಕ್ಕೆ, ಆಮೇಲೆ ಅಡ್ಡಡ್ಡ. ಮಧ್ಯಾಹ್ನದಷ್ಟು ಜೋರಿಲ್ಲ, ಆದರೆ ಅದೇ, ಸಂಶಯವೇ ಇಲ್ಲ. ಮನೆಮನೆಗಳಿಂದ ಜನ ಕೂಗುತ್ತಾ ಹೊರಗೆ ಓಡಿಬಂದರು. ಉಚ್ಚೀರಪ್ಪ ಓಣಿಯ ನಡುವೆ ಕಾಲಗಲಿಸಿ ನಿಂತು ನಗುತ್ತಿದ್ದ. ಕಣ್ಣಿಂದ ನೀರು ಬರುವಷ್ಟು ನಗುತ್ತಿದ್ದ.

"ಇಂಜಿನ್ ನಿಂತೈತಿ! ಬಾಯ್ಲರು ಆರೈತಿ! ಇದು ನಂದಲ್ಲ, ಇದು ಭೂಮಿ!" ಎಂದು ಎದುರಿಗೆ ಬಂದವರ ತೋಳು ಹಿಡಿದು ಹೇಳುತ್ತಿದ್ದ.

ಅವನನ್ನು ದೂಡಿಕೊಂಡು ಗಾದಿಲಿಂಗಮ್ಮ ಮನೆಯೊಳಗೆ ಓಡಿದಳು. ಅವಳು ಎಸೆದ ಕೊಡ ಉರುಳುತ್ತಾ ಅವನ ಕಾಲಿಗೆ ಬಂದು ತಾಗಿತು. ಆಗಲೇ ಅವನಿಗೆ ತೊಟ್ಟಿಲು ನೆನಪಾದದ್ದು.

ಅವಳು ಹೊರಗೆ ಬಂದಾಗ ತಲೆಯ ಮೇಲೆ, ಸೆರಗಿನ ಮೇಲೆ ಮಾಳಿಗೆಯ ಮಣ್ಣು. ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು. ಕೂಸು ಅಳುತ್ತಿತ್ತು, ಅಂದರೆ ನೆಟ್ಟಗಿತ್ತು. ತೊಟ್ಟಿಲಿಗೆ ಹೊದಿಸಿದ್ದ ಸೀರೆಯ ಮೇಲೆ ಒಂದು ಮೊರದಷ್ಟು ಮಣ್ಣು ಬಿದ್ದಿತ್ತೆಂದು ಪಕ್ಕದ ಮನೆಯವರಿಗೆ ಹೇಳಿದಳು, ಗಂಡನಿಗೆ ಹೇಳಲಿಲ್ಲ. ಅವನ ಕಡೆ ಒಮ್ಮೆ ನೋಡಿದಳು ಅಷ್ಟೆ. ಅವನ ನಗು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಆ ಸಂಜೆ ಯಾರೂ ಮನೆಯೊಳಗೆ ಹೋಗಲಿಲ್ಲ. ಓಣಿಯುದ್ದಕ್ಕೂ ಚಾಪೆ ಹಾಸಿ, ಕಲ್ಲು ಹೂಡಿ ಒಲೆ ಮಾಡಿದರು. ನಾಯಿ ಬೊಗಳಿದರೂ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಅಲ್ಲಿಗೆ ಕೊಟ್ರಬಸಪ್ಪ ಸಾವುಕಾರರೇ ನಡೆದುಕೊಂಡು ಬಂದರು. ಅವರ ಹಿಂದೆ ಹತ್ತಿ ಬಂಡಿಯ ಯರ್ರೆಪ್ಪ ಇದ್ದ. ಅವನು ಆಗಷ್ಟೇ ಪೆದ್ದಹರಿವಾಣದಿಂದ ಬಂದಿದ್ದ. ಮಧ್ಯಾಹ್ನ ತಮ್ಮ ಊರಲ್ಲಿ ಬಾವಿಯ ನೀರು ದಂಡೆಗೆ ಬಡಿಯಿತು, ಹೂಡಿದ ಎತ್ತುಗಳು ನೊಗದ ಸಮೇತ ಮಂಡಿಯೂರಿದವು ಎಂದು ಅವನು ಆಗಲೇ ನಾಲ್ಕು ಕಡೆ ಹೇಳಿ ಬಂದಿದ್ದ. ಇಲ್ಲಿ ಐದನೆಯ ಸಲ ಹೇಳಿದ. ಅಷ್ಟು ಹರದಾರಿಯಾಚೆಯ ಎತ್ತುಗಳನ್ನು ಕೆಡವಲು ತಮ್ಮ ಇಂಜಿನ್ನಿನ ಕೈಲಾಗದೆಂದು ಸಾವುಕಾರರು ಒಪ್ಪಿಕೊಂಡರು. ಮೇಸ್ತ್ರಿಯ ಕಡೆ ತಿರುಗಿ, ಮಧ್ಯಾಹ್ನ ಆಡಿದ ಮಾತನ್ನು ಮರೆತುಬಿಡು, ಗುಂತಕಲ್ಲಿಗೆ ಇನ್ನೂ ಯಾರನ್ನೂ ಕಳಿಸಿಲ್ಲ, ಬೆಳಿಗ್ಗೆ ಬಂದು ಬಾಯ್ಲರಿಗೆ ಬೆಂಕಿ ಹಾಕಿಸು ಎಂದರು. ಓಣಿಯವರೆಲ್ಲ ಕೇಳುವಂತೆಯೇ ಹೇಳಿದರು.

ಹೂಂ ಎನ್ನುವುದೊಂದೇ ಬಾಕಿ ಇತ್ತು. ಉಚ್ಚೀರಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕೂಸಿನ ಕಿವಿಯೊಳಗಿನ ಮಣ್ಣನ್ನು ಸೆರಗಿನ ಚುಂಗಿನಿಂದ ತೆಗೆಯುತ್ತಿದ್ದಳು.

"ಹಂಗಾದ್ರ ಬೆಣಿ ಇನ್ನಾ ಅಲ್ಲೇ ಐತ್ರಿ," ಎಂದ.

"ಅದರ ಮಾತು ಬಿಡೋ ಉಚ್ಚೀರಾ. ಅದರಿಂದೇನಾತು? ಏನೂ ಆಗ್ಲಿಲ್ಲಲ್ಲ."

"ಇವತ್ತು ಆಗ್ಲಿಲ್ರಿ. ಅದನ್ನ ತೆಗದು ಗಾರಿ ಹಾಕಾಮಟ ನಾ ಇಂಜಿನ್ ಓಡಸಂಗಿಲ್ಲ."

ಸಾವುಕಾರರು ಬಂಡಿಗಳ ಸಾಲನ್ನು ನೆನಪಿಸಿದರು. ನೀನು ಆಗುವುದಿಲ್ಲವೆಂದರೆ ಗುಂತಕಲ್ಲಿನವನು ಆಗುತ್ತದೆನ್ನುತ್ತಾನೆ ಎಂದರು. ಅದಕ್ಕೆ ಉಚ್ಚೀರಪ್ಪ ಬಾಯಿ ತೆರೆಯುವ ಮೊದಲೇ, ಕಾಲಿಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲೆ ಒರಗಿದ್ದ ಬಸವಕ್ಕ ಮಾತಾಡಿದಳು. ಗುಂತಕಲ್ಲಿನವನಿಗೆ ಇಂಜಿನ್ ಬಿಡಲು ಬರುತ್ತದೆ ಸರಿ, ಹತ್ತಿ ಉಣಿಸಲು ಅವನ ಹೆಂಡತಿಯನ್ನೂ ಅತ್ತಿಗೆಯನ್ನೂ ಕರೆತರುತ್ತಾನೇನು ಎಂದು ಕೇಳಿದಳು. ಅತ್ತ ಇತ್ತ ಚಾಪೆಗಳಿಂದ ಜಿನ್ನಿನ ಹೆಣ್ಣುಮಕ್ಕಳು ನಕ್ಕರು; ಆ ದಿನ ಓಣಿಯಲ್ಲಿ ಸರಿಯಾದ ಕಾರಣಕ್ಕೆ ಹುಟ್ಟಿದ ನಗು ಅದೊಂದೇ. ಸಾವುಕಾರರೂ ನಗಬೇಕಾಯಿತು.

"ಎಷ್ಟು ದಿನ ಬೇಕೋ?"

"ಎಂಟು ದಿನ ಬೇಕ್ರಿ."

"ಐದರಾಗ ಮುಗಸು."

"ಗಾರಿ ನನ್ನ ಮಾತು ಕೇಳಂಗಿಲ್ರಿ ಸಾವುಕಾರ್ರೇ. ನಿಮ್ಮದು ಕೇಳ್ತದೇನು ನೋಡ್ರಿ."

ಸಾವುಕಾರರು ಏನೋ ಹೇಳಲು ಹೊರಟು, ಕಾಲ ಕೆಳಗೆ ಏನಾದರೂ ಆಯಿತೇ ಎಂಬಂತೆ ಒಮ್ಮೆ ನೆಲ ನೋಡಿದರು. ಏನೂ ಆಗಿರಲಿಲ್ಲ. ಒಂಬತ್ತನೆಯ ದಿನ ಹೊತ್ತು ಹುಟ್ಟುವುದರೊಳಗೆ ಜಿನ್ನಿನ ಕೂಗು ಕೇಳಬೇಕೆಂದು ಹೇಳಿ, ತಮ್ಮ ಮನೆಯವರು ಕೂತಿದ್ದ ಬಯಲಿನ ಕಡೆಗೆ ಬೇಗಬೇಗ ನಡೆದರು. ಯರ್ರೆಪ್ಪ ಆರನೆಯ ಸಲ ಎತ್ತುಗಳ ಕಥೆ ಹೇಳಲು ಮುಂದಿನ ಚಾಪೆಗೆ ಹೋದ.

ಉಚ್ಚೀರಪ್ಪ ಕೂರದೆ ನಿಂತೇ ಇದ್ದ. ಗಾದಿಲಿಂಗಮ್ಮ ಎದ್ದು ಬಂದು ಕೂಸನ್ನು ಅವನ ತೋಳಿಗೆ ಹಾಕಿದಳು. ಆಗಲೂ ಅವನ ಮುಖ ನೋಡಲಿಲ್ಲ.

"ಹಿಡೀರಿ. ಹಿಟ್ಟು ಒಳಗ ಉಳದೈತಿ, ತರ್ತೀನಿ. ಮತ್ತ ಅಲುಗಿದ್ರ ನನ್ನ ಕೂಗ್ರಿ. ನಕ್ಕೊಂತ ನಿಂದ್ರಬ್ಯಾಡ್ರಿ."