ಅಪ್ಪನ ಕಾಲಲ್ಲಿ ಪಳಗಿದ ಬೂಟು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಕರಾರು. ಬೂಟಿನಿಂದ ಶುರು ಮಾಡಿದರೆ ಜಾಹೀರಾತು ಅನ್ನುತ್ತೀರಿ. ನಾಚಿಕೆಯಿಂದ ಶುರು ಮಾಡಿದರೆ, ಯಾರ ನಾಚಿಕೆ, ಯಾಕೆ ಎಂದು ತಿಳಿಯುವ ಮೊದಲೇ ಪುಟ ಮಗುಚುತ್ತೀರಿ. ಮಳೆಯಿಂದ ಶುರು ಮಾಡೋಣವೆಂದರೆ, ನಾನು ಇಷ್ಟು ಕಾಲದಿಂದ ಬದುಕುತ್ತಿರುವ ಈ ನಾರ್ತಾಂಪ್ಟನ್‌ಶೈರಿನಲ್ಲಿ ಮಳೆ ಒಂದು ಸುದ್ದಿಯೇ ಅಲ್ಲ.

ಸರಿ, ಬೂಟಿನಿಂದಲೇ ಆಗಲಿ.

ಕಂದು ಬಣ್ಣದ್ದು, ಕಣಕಾಲು ಮುಚ್ಚುವಷ್ಟು ಎತ್ತರದ್ದು, ಮುಂಭಾಗದ ತುಂಬ ಸಾಲು ಸಾಲು ತೂತು ಕೊರೆದ ಬ್ರೋಗ್ ಬೂಟು. ಹಿಂದೆ ಜೌಗಿನಲ್ಲಿ ನಡೆಯುವವರ ಬೂಟಿನಿಂದ ನೀರು ಸೋರಿಹೋಗಲೆಂದು ಈ ತೂತು ಹಾಕುತ್ತಿದ್ದರಂತೆ. ಈಗಿನ ತೂತು ಒಳಬದಿಗೆ ದಾಟುವುದೇ ಇಲ್ಲ, ಬರೀ ಶೃಂಗಾರ. ಆದರೂ ಕಂಡಾಗ ಕೈ ಸುಮ್ಮನಿರುವುದಿಲ್ಲ, ಒಮ್ಮೆ ಸವರಬೇಕೆನಿಸುತ್ತದೆ. ಗಡುಸಾದ ಚರ್ಮ, ದಪ್ಪ ಅಟ್ಟೆ, ಅಂಚಿನ ಸುತ್ತ ಎದ್ದು ಕಾಣುವ ಹೊಲಿಗೆ, ಒಳಗೆ ಪಾದದಡಿ ಕಾರ್ಕಿನ ಹಾಸು. ತೊಟ್ಟವನ ಪಾದ ಹೇಗಿದೆಯೋ ಆ ಹಾಸು ಹಾಗೇ ತಗ್ಗಿ ಕೂರುತ್ತದೆ. ಮೊದಮೊದಲು ಬೂಟು ಕಾಲನ್ನು ಕಚ್ಚಿ ಹಣ್ಣು ಮಾಡುತ್ತದೆ. ಒಮ್ಮೆ ಪಳಗಿತೆಂದರೆ ಆ ಕಾಲಿಗೆ ಬಿಟ್ಟು ಬೇರೆ ಯಾರ ಕಾಲಿಗೂ ಒಗ್ಗುವುದಿಲ್ಲ.

(ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ. ಹೀಗೆ ಹೇಳಿ ನೆನಪಿಡಿಸುವ ಕಥೆಗಾರನಿಗೆ ಕಸುಬು ಬರುವುದಿಲ್ಲ ಅಂತ ಲೆಕ್ಕ. ಇರಲಿ.)

೨ (ಮೊದಲ ಕರಡು)

ರಶ್ಡನ್ ಊರಿನ ಲಿಂಡನ್ ಟೆಬಟ್‌ಗೆ ಮದುವೆ ಗೊತ್ತಾಗಿತ್ತು. ಹುಡುಗಿ ರೋಸಲಿಂಡ್. ಅವಳಪ್ಪ ಹ್ಯೂಗೋ ಲಾಟಿಮರ್‌ನಿಗೆ ಹೊಲ, ಕಾಡು, ಕಾಡಿನ ತುಂಬ ಫೆಸೆಂಟ್ ಹಕ್ಕಿಗಳು. ಡಿಸೆಂಬರಿನ ಬೇಟೆಗೆ ಅಳಿಯನಾಗುವವನಿಗೂ ಕರೆ ಬಂತು. ಲಿಂಡನ್ ಹೊಸ ಬ್ರೋಗ್ ಬೂಟು ಕೊಂಡು ತಂದ. ತಂದು ಅಡುಗೆಮನೆ ಮೇಜಿನ ಮೇಲಿಟ್ಟು ತಲೆ ಮೇಲೆ ಕೈ ಹೊತ್ತು ಕೂತ.

ಯಾಕೆಂದರೆ ಲಾಟಿಮರ್‌ನಂಥ ಜಮೀನ್ದಾರ ಜನರಲ್ಲಿ ಒಂದು ವಿಚಿತ್ರ ಮಡಿ ಇದೆ. ಹೊಸದು ಹೊಸದಾಗಿ ಕಾಣಬಾರದು. ಕೋಟಿನ ಮೊಣಕೈಗೆ ತೇಪೆ ಇರಬೇಕು, ಬೂಟು ಅಜ್ಜನ ಕಾಲದ್ದಿರಬೇಕು. ಫಳಫಳ ಹೊಳೆಯುವ ಬೂಟು ಮೆಟ್ಟಿ ಹೋದವನನ್ನು ಅವರೇನೂ ಬೈಯುವುದಿಲ್ಲ, "ಚೆನ್ನಾಗಿದೆ" ಅನ್ನುತ್ತಾರೆ. ಅಲ್ಪನಿಗೆ ಐಶ್ವರ್ಯ ಬಂದ ಗಾದೆಯನ್ನು ಅವರು ಆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ.

ಆಗ ಅವನಪ್ಪ ಕ್ಲಿಫರ್ಡ್, ಬೂಟು ಕಾರ್ಖಾನೆಯಲ್ಲಿ ಅಟ್ಟೆ ಹೊಲಿದು ನಿವೃತ್ತನಾದವನು, ಚಹಾ ಕೆಳಗಿಟ್ಟು ಹೇಳಿದ: "ಕೊಡೋ ಇಲ್ಲಿ. ನಾನು ಹಾಕ್ಕೊಂಡು ಪಳಗಿಸಿ ಕೊಡ್ತೀನಿ."

ಎಷ್ಟು ಒಳ್ಳೆಯ ಅಪ್ಪ. ಎಷ್ಟು ಚಂದದ ಕಥೆ. ಹೊಡೆದು ಹಾಕಿದೆ.

೨ (ಮತ್ತೆ)

"ಯಾಕ್ರೀ ಹೊಡೆದು ಹಾಕಿದ್ರಿ? ಚೆನ್ನಾಗೇ ಇತ್ತಲ್ಲ," ಎಂದ ಲಿಂಡನ್.

"ಅಪ್ಪನ ಕೊನೇ ಮಾತು ಮಾತ್ರ ಹೊಡೆದೆ. ಅವನು ಹಾಗೆ ಹೇಳಲಿಲ್ಲ. ನೀನೇ ಕೇಳಿದ್ದು."

"ಕಥೇಲಿ ನಡೆದದ್ದನ್ನೇ ಬರೀಬೇಕು ಅಂತ ಕಾನೂನಿದ್ಯಾ? ನನ್ನ ಬಾಯಲ್ಲಿ ಕನ್ನಡ ಆಡಿಸ್ತಾ ಇದೀರಲ್ಲ, ಅದೇನು ನಡೆದದ್ದಾ?"

ಇವನಿಗೆ ಮಾತು ಬರುತ್ತದೆ. ಮನೆ ಮಾರಿಸಿಕೊಡುವ ಕಚೇರಿಯಲ್ಲಿ ಕೆಲಸ, ಗೋಡೆ ಬಿರುಕನ್ನೂ ಹಳೆಯ ಕಾಲದ ಸೊಗಸು ಅನ್ನುವ ಕುಳ.

"ಆ ಒಂದು ಸಾಲು ಇಟ್ಬಿಡಿ," ಅಂದ, ದನಿ ತಗ್ಗಿಸಿ. "ನಿಮಗೇನು ನಷ್ಟ? ಅಪ್ಪ ತಾನಾಗೇ ಕೇಳ್ದ ಅಂತಿದ್ರೆ ನಂಗೂ ಸ್ವಲ್ಪ ಮರ್ಯಾದೆ."

ಇಡಲಿಲ್ಲ. ನಡೆದದ್ದು ಹೀಗೆ:

"ಅಪ್ಪ, ನಿನ್ನ ಕಾಲೂ ನನ್ನ ಕಾಲೂ ಒಂದೇ ಅಳತೆ ಅಲ್ವಾ? ಡಿಸೆಂಬರ್‌ವರೆಗೂ ನೀನು ಇದನ್ನ ಹಾಕ್ಕೊಂಡು ಓಡಾಡ್ತೀಯಾ?"

ಕ್ಲಿಫರ್ಡ್ ಮಗನ ಮುಖ ನೋಡಿದ. "ದೊಡ್ಡ ಮನೆಗಳಲ್ಲಿ ಹಿಂದೆ ಈ ಕೆಲಸಕ್ಕೆ ಆಳು ಇರ್ತಿದ್ದ."

"ಆಳು ಅಂತಲ್ಲಪ್ಪ..."

"ನಾನೇನಾದ್ರೂ ಅಂದ್ನಾ? ಕೊಡು. ನಾಯಿಗೂ ವ್ಯಾಯಾಮ ಆಗತ್ತೆ."

(ತಾಯಿ ಎಲ್ಲಿ ಎಂದು ಕೇಳುತ್ತೀರಿ. ಆಕೆ ಅಡುಗೆಮನೆಯಲ್ಲಿದ್ದಿದ್ದರೆ ಈ ಮಾತು ಮುಗಿಯುವ ಮೊದಲೇ ಮಗನ ಬೆನ್ನಿಗೆ ಸೌಟು ಬಿದ್ದು ಕಥೆ ನಿಂತುಹೋಗುತ್ತಿತ್ತು. ಅದಕ್ಕೇ ಅವಳನ್ನು ಬಾಣಂತಿ ಮಗಳ ಆರೈಕೆಗೆಂದು ಸ್ಕಾಟ್ಲೆಂಡಿಗೆ ಕಳಿಸಿದ್ದೇನೆ. ಕಥೆಗಾರರೂ ಇಂಥ ಹೇಡಿ ಕೆಲಸ ಮಾಡುತ್ತಾರೆ.)

ಸೆಪ್ಟೆಂಬರಿನಿಂದ ಕ್ಲಿಫರ್ಡ್ ಆ ಬೂಟು ಮೆಟ್ಟಿ ನಡೆದ. ಬಿಸ್ಕಟ್ ಎಂಬ ನಾಯಿಯ ಹಿಂದೆ ನೆನ್ ನದಿಯ ದಂಡೆಯಲ್ಲಿ ನಡೆದ. ಊರಾಚೆ ತಾನು ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿ ಬೆಳೆಯುವ ತುಂಡು ನೆಲದ ಕೆಸರಿನಲ್ಲಿ ನಡೆದ. ಮೊದಲ ವಾರ ಹಿಮ್ಮಡಿ ಕಿತ್ತು ಬಂತು, ಮಗನಿಗೆ ಹೇಳಲಿಲ್ಲ. ಭಾನುವಾರ ಭಾನುವಾರ ಹಳೆಯ ಪತ್ರಿಕೆ ಹಾಸಿ, ಕೆಸರು ಒರೆಸಿ, ಮೇಣ ತಿಕ್ಕಿದ. ಚರ್ಮಕ್ಕೆ ಹುರಿದ ಕಡಲೆಯ ಬಣ್ಣ ಬಂತು. ಅವನ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗಂಟು ಇದೆ. ಬೂಟಿಗೂ ಅಲ್ಲೊಂದು ಉಬ್ಬು ಬಂತು.

ಮಗ ಅದನ್ನು ನೋಡಿ ಅಂದ: "ಭಾಳ ಚೆನ್ನಾಗಾಗಿದೆಯಪ್ಪ. ಹೊಸದು ಅಂತ ಗೊತ್ತೇ ಆಗಲ್ಲ."

೩

ಬೇಟೆಯ ದಿನ. ಬೇಟೆಯ ವರ್ಣನೆ ಬರೆದಿದ್ದೆ: ಮಂಜು, ಗುಂಡಿನ ಸದ್ದು, ಪೊದೆಯಿಂದ ಹಕ್ಕಿ ಏಳುವುದು. ಎರಡು ಪುಟ ಬರೆದು ಹರಿದು ಹಾಕಿದೆ. ಲಿಂಡನ್‌ನ ಗುಂಡಿಗೆ ಒಂದು ಹಕ್ಕಿಯೂ ಬೀಳಲಿಲ್ಲ ಅನ್ನುವಷ್ಟು ಸಾಕು. ಬೂಟು ನೋಡಲು ಅಪ್ಪಟ ಹಳೆಯದು, ಆದರೆ ಒಳಗೆ ಕ್ಲಿಫರ್ಡ್‌ನ ಪಾದದ ಗುಳಿ. ಮಗನ ಹಿಮ್ಮಡಿ ಅದರಲ್ಲಿ ಜಾರುತ್ತಿತ್ತು, ಬೆರಳು ಇಲ್ಲದ ಕಡೆ ಜಾಗ, ಇದ್ದ ಕಡೆ ಒತ್ತು. ಮಧ್ಯಾಹ್ನದ ಹೊತ್ತಿಗೆ ಕುಂಟುತ್ತಿದ್ದ.

ಊಟ ಹುಲ್ಲಿನ ಕೊಟ್ಟಿಗೆಯಲ್ಲಿ. ಉದ್ದ ಮೇಜು, ಬಿಸಿ ಸಾಸೇಜು, ಕಾಡುಹಣ್ಣು ನೆನೆಹಾಕಿದ ಜಿನ್. ಹ್ಯೂಗೋ ಪೈಪು ಕಚ್ಚಿಕೊಂಡು ಭಾವಿ ಅಳಿಯನ ಕಾಲನ್ನೇ ನೋಡುತ್ತಿದ್ದ.

"ಒಳ್ಳೇ ಬೂಟು ಕಣಯ್ಯಾ. ಆದ್ರೆ ಅದು ನಿನ್ನ ಕಾಲಲ್ಲಿ ಹಳೇದಾಗಿದ್ದಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಿಂಡನ್ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ.

"ಎಡಗಾಲಲ್ಲಿ ಉಬ್ಬು ನೋಡು, ಅಲ್ಲಿ ನಿನ್ನ ಬೆರಳೇ ಇಲ್ಲ," ಎಂದು ಹ್ಯೂಗೋ ನಕ್ಕ. "ಯಾರೋ ಪಳಗಿಸಿಕೊಟ್ಟಿದಾರೆ. ತಪ್ಪೇನಿಲ್ಲ ಬಿಡು. ನಮ್ಮಜ್ಜನ ಬೂಟನ್ನ ತೋಟದ ಆಳು ಪಳಗಿಸ್ತಿದ್ದ. ನಿಂದು ಯಾರು?"

ಇಲ್ಲಿ ನಾನು ಪೆನ್ನು ಎತ್ತಿಕೊಂಡು ಕಾದೆ. ಓದುಗರೇ, ಹೇಳಬೇಕಾದ್ದು ಒಂದೇ ಮಾತು: ನಮ್ಮಪ್ಪ. ಹ್ಯೂಗೋ ಕೆಟ್ಟವನಲ್ಲ. ಎರಡು ಗಳಿಗೆ ನಗುತ್ತಿದ್ದ, ಮುಗಿಯುತ್ತಿತ್ತು. "ಹೇಳಿಬಿಡೋ," ಎಂದು ನಾನು ಅವನ ಕಿವಿಯಲ್ಲಿ ಅಂದೆ.

"ನಮ್ಮ ಕಡೆ ಒಬ್ಬ ಮುದುಕ ಇದಾನೆ ಸರ್," ಎಂದ ಲಿಂಡನ್. "ಇಂಥ ಕೆಲಸಕ್ಕೆ ಆಗ್ತಾನೆ."

ಎದುರಿಗೆ ಕೂತಿದ್ದ ರೋಸಲಿಂಡ್ ಫೋರ್ಕನ್ನು ತಟ್ಟೆಯಲ್ಲಿಟ್ಟಳು. ಕ್ಲಿಫರ್ಡ್ ತನ್ನ ಲೀಕನ್ನು ಹಿಟ್ಟಿನೊಳಗೆ ತುಂಬಿ ಬೇಯಿಸಿದ ಪೈ ತಿಂದವಳು ಅವಳು. ಅಕ್ಟೋಬರಿನಲ್ಲಿ ಅವನು ಈ ಬೂಟಿನಲ್ಲೇ ಬಾಗಿಲು ತೆಗೆದು ಅವಳನ್ನು ಒಳಗೆ ಕರೆದಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲಿಂಡನ್‌ಗೆ ನಾಚಿಕೆಯಾಯಿತು. ತಿದ್ದಿ ಹೇಳಲು ಇನ್ನೂ ಹೊತ್ತಿತ್ತು. ಅವನು ಇನ್ನೊಂದು ಸಾಸೇಜು ಬಡಿಸಿಕೊಂಡ.

೪

ಸಂಜೆ ಹೊರಡುವಾಗ ಪದ್ಧತಿಯಂತೆ ಒಂದು ಜೊತೆ ಫೆಸೆಂಟ್ ಹಕ್ಕಿ ಕೊಟ್ಟರು. ಅದರ ಜೊತೆಗೆ ಹ್ಯೂಗೋ ಒಂದು ಪೆಟ್ಟಿಗೆಯನ್ನೂ ಕಾರಿನೊಳಗಿಟ್ಟ. ಹೊಚ್ಚ ಹೊಸ ಬ್ರೋಗ್ ಬೂಟು.

"ನನ್ನ ಕಾಲಿನ ಅಳತೆಯೂ ನಿನ್ನ ಹಾಗೇ ಒಂಬತ್ತು. ಕಾಲು ಕೊಯ್ದು ಹಾಕ್ತಾ ಇದೆ, ವಯಸ್ಸಾಯ್ತು ನೋಡು. ನಿಮ್ಮ ಮುದುಕಂಗೆ ಕೊಡು. ಮೇ ತಿಂಗಳಲ್ಲಿ ನಿಮ್ಮ ಮದುವೆ ಹೊತ್ತಿಗೆ ಹದವಾಗಿ ನಂಗೆ ವಾಪಸ್ ಬಂದ್ರೆ ಸಾಕು. ಹಕ್ಕಿನೂ ಅವಂಗೇ ಕೊಡು, ಪಾಪ."

ದಾರಿಯಲ್ಲಿ ಇಳಿದುಕೊಳ್ಳುತ್ತೇನೆಂದು ರೋಸಲಿಂಡ್ ಲಿಂಡನ್‌ನ ಕಾರು ಹತ್ತಿದ್ದಳು.

"ಆ ಮುದುಕಂಗೆ ಹೆಸರಿದ್ಯಾ?" ಎಂದು ಕೇಳಿದಳು.

"ರೋಸ್, ಬಾಯಿ ತಪ್ಪಿ ಬಂತು."

"ಕಾಲು ತಪ್ಪಿ ಬಿದ್ರೆ ಎದ್ದು ನಿಲ್ತಾರೆ. ನೀನು ಅಲ್ಲೇ ಕೂತು ಊಟ ಮುಗಿಸಿದೆ." ಅವಳು ಕಿಟಕಿಯಾಚೆ ನೋಡಿದಳು. "ನಾನು ಯಾರಿಗೂ ಹೇಳಲ್ಲ. ಅದು ನಿನ್ನ ಕೆಲಸ. ಒಂದೋ ನಮ್ಮಪ್ಪಂಗೆ ಹೇಳು, ಇಲ್ಲ ನಿಮ್ಮಪ್ಪಂಗೆ ಹೇಳು. ಅಲ್ಲೀವರೆಗೂ ನಾನು ನಿಮ್ಮ ಮನೆಗೆ ಬರಲ್ಲ. ಅವರ ಮುಖ ನೋಡೋಕೆ ನಂಗೆ ನಾಚಿಕೆ."

ಅವಳನ್ನು ಇಳಿಸಿ ತನ್ನ ಮನೆಯ ಮುಂದೆ ಕಾರು ನಿಲ್ಲಿಸುವ ಹೊತ್ತಿಗೆ ಲಿಂಡನ್ ಅಪ್ಪನಿಗೆ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದ. (ನಾನೇ ಬರೆದುಕೊಟ್ಟಿದ್ದೆ. ಚೆನ್ನಾಗಿತ್ತು.) ಆದರೆ ಕ್ಲಿಫರ್ಡ್ ಬಾಗಿಲಲ್ಲೇ ಪೆಟ್ಟಿಗೆಯನ್ನು ನೋಡಿಬಿಟ್ಟ.

"ಏನೋ ಇದು?"

"ಲಾಟಿಮರ್ ಅವರು... ನಿನಗೆ ಕೊಡು ಅಂದ್ರು."

ಸುಳ್ಳಲ್ಲ, ಗಮನಿಸಿ. ಒಂದಕ್ಷರವೂ ಸುಳ್ಳಲ್ಲ.

ಕ್ಲಿಫರ್ಡ್ ಮುಚ್ಚಳ ತೆಗೆದ. ಬಹಳ ಹೊತ್ತು ಬೂಟನ್ನು ಮುಟ್ಟಲೇ ಇಲ್ಲ. ಆಮೇಲೆ ಅಟ್ಟೆ ತಿರುಗಿಸಿ ಅಳತೆ ನೋಡಿದ. "ಒಂಬತ್ತು. ನನ್ನ ಅಳತೆ ಕೇಳಿ ತಿಳ್ಕೊಂಡ್ರಾ?"

ಲಿಂಡನ್ ಹಕ್ಕಿಗಳನ್ನು ಹಿಡಿದುಕೊಂಡು ನಿಂತಿದ್ದ.

"ವರ್ಷಗಟ್ಟಲೆ ಊರವರಿಗೆಲ್ಲ ಬೂಟು ಹೊಲಿದೆ ಕಣೋ. ನಂಗೆ ಅಂತ ಯಾರೂ ಒಂದು ಜೊತೆ ಕೊಟ್ಟಿರಲಿಲ್ಲ." ಅವನು ಒಳಗೆ ಹೋಗಿ ಕಾಲು ತೊಳೆದು, ಒಗೆದ ಕಾಲುಚೀಲ ಹಾಕಿಕೊಂಡು ಬಂದು, ಆಮೇಲೆ ಬೂಟು ತೊಟ್ಟ. "ನಿನ್ನ ಮದುವೆಗೆ ಇದನ್ನೇ ಹಾಕ್ಕೊಂಡು ಬರ್ತೀನಿ. ಕೊಟ್ಟವರು ನೋಡ್ಬೇಕಲ್ಲ."

೫

ಇನ್ನು ಮುಕ್ತಾಯ. ನನ್ನ ಹತ್ತಿರ ಕೆಲವು ಇವೆ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನೋಣವೆಂದಿದ್ದೆ.

ಒಂದು ಮುಕ್ತಾಯದಲ್ಲಿ ಲಿಂಡನ್ ಅಪ್ಪನಿಗೆ ಎಲ್ಲ ಹೇಳುತ್ತಾನೆ. ಅಪ್ಪ ಬೂಟು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು, "ಮೇ ತಿಂಗಳಿಗಲ್ವಾ ಬೇಕಾದ್ದು? ಆಗತ್ತೆ ಬಿಡು," ಅನ್ನುತ್ತಾನೆ. ಇದನ್ನು ಬರೆಯಲು ನನಗೇ ಕೈ ಬರಲಿಲ್ಲ.

ಇನ್ನೊಂದರಲ್ಲಿ ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಕ್ಲಿಫರ್ಡ್ ಹ್ಯೂಗೋನ ಕೈ ಕುಲುಕಿ ಥ್ಯಾಂಕ್ಸ್ ಹೇಳಿ ಕಾಲು ಮುಂದೆ ಚಾಚುತ್ತಾನೆ. ಹ್ಯೂಗೋ ಬೂಟನ್ನು ನೋಡುತ್ತಾನೆ, ಮುದುಕನನ್ನು ನೋಡುತ್ತಾನೆ, ಅಳಿಯನನ್ನು ನೋಡುತ್ತಾನೆ. ಅಲ್ಲಿಗೆ ನಾನು ಕಣ್ಣು ಮುಚ್ಚಿಕೊಂಡೆ.

"ಎರಡೂ ಬೇಡ," ಎಂದ ಲಿಂಡನ್. "ನಾನೇ ಒಂದು ದಾರಿ ಹುಡುಕಿದೀನಿ."

ಅವನ ದಾರಿ ಇದು. ಹ್ಯೂಗೋ ಕೊಟ್ಟ ಬೂಟಿನಂಥದ್ದೇ ಇನ್ನೊಂದು ಜೊತೆ ಗುಟ್ಟಾಗಿ ಕೊಂಡ. ದಿನಾ ಕಚೇರಿ ಮುಗಿದ ಮೇಲೆ ಕಾರಿನಲ್ಲಿ ಕೂತು ಅದನ್ನು ತೊಟ್ಟು, ನೆನ್ ದಂಡೆಯಲ್ಲಿ ಅಪ್ಪನ ಕಣ್ಣಿಗೆ ಬೀಳದ ಕಡೆ ನಡೆಯತೊಡಗಿದ. ಮದುವೆಗೆ ಮುಂಚೆ ಅದನ್ನು ಹ್ಯೂಗೋಗೆ ಒಪ್ಪಿಸಿದರೆ ಆಯಿತು. ಅಪ್ಪನ ಉಡುಗೊರೆ ಅಪ್ಪನ ಹತ್ತಿರವೇ ಉಳಿಯುತ್ತದೆ. ಮದುವೆಯ ದಿನ ಎರಡು ಜೊತೆ ಒಂದೇ ಥರದ ಬೂಟು, ಯಾರಿಗೆ ಏನು ಗೊತ್ತಾಗುತ್ತದೆ? ಮಾವನ ಬೂಟನ್ನು ಪಳಗಿಸುವ ಆಳು ಕೊನೆಗೂ ಸಿಕ್ಕಿದ ಹಾಗಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಇಲ್ಲಿಗೇ ಮುಗಿಸಲು ಹೊರಟೆ. ನೀತಿ ಇತ್ತು, ಶಿಕ್ಷೆ ಇತ್ತು, ಕಥೆ ದುಂಡಗೆ ಬಂದಿತ್ತು.

ಆದರೆ ರೋಸಲಿಂಡ್ ಇನ್ನೂ ಮನೆಗೆ ಬಂದಿರಲಿಲ್ಲ. "ಹುಡುಗಿ ಯಾಕೋ ಕಾಣ್ತಾನೇ ಇಲ್ಲ," ಎಂದು ಕ್ಲಿಫರ್ಡ್ ಆಗಾಗ ಕೇಳುತ್ತಿದ್ದ. "ಪೈ ಮಾಡಿಟ್ರೆ ಬರ್ತಾಳಾ ಕೇಳು."

೬

ಫೆಬ್ರವರಿಯ ಒಂದು ಸಂಜೆ. ಲಿಂಡನ್ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಕಾಲು ಎಷ್ಟು ಕಿತ್ತುಬಂದಿತ್ತೆಂದರೆ ಕಾರಿನಲ್ಲಿ ಬೂಟು ಬಿಚ್ಚಲೂ ಆಗಿರಲಿಲ್ಲ. ಅಪ್ಪ ಚರ್ಚಿನ ಸಭೆಗೆ ಹೋಗಿರುತ್ತಾನೆ ಅಂದುಕೊಂಡಿದ್ದ. ಅಪ್ಪ ಒಲೆಯ ಪಕ್ಕದಲ್ಲೇ ಕೂತಿದ್ದ, ಲಾಟಿಮರ್ ಕೊಟ್ಟ ಬೂಟು ಕಾಲಲ್ಲಿತ್ತು, ಎಡಗಾಲಿನಲ್ಲಿ ಆಗಲೇ ಉಬ್ಬು ಮೂಡುತ್ತಿತ್ತು.

"ಇದೇನೋ, ಇನ್ನೊಂದು ಜೊತೆನಾ?"

"ಹೂಂ."

"ಕೂತ್ಕೋ."

ಕ್ಲಿಫರ್ಡ್ ಬೋಗುಣಿಯಲ್ಲಿ ಬಿಸಿನೀರು ತಂದ. ಮೊಣಕಾಲೂರಿ ಕೂತು ಮಗನ ಬಲಗಾಲಿನ ಲೇಸು ಬಿಚ್ಚಿದ. ಬೂಟಿನ ಜೊತೆ ಕಾಲುಚೀಲವೂ ಅಂಟಿಕೊಂಡು ಬಂತು, ಹಿಮ್ಮಡಿಯಲ್ಲಿ ರಕ್ತ.

"ಹೇಳ್ಬಾರ್ದಿತ್ತಾ ನಂಗೆ? ಹಿಂಗೆ ಕಚ್ಚಿಸ್ಕೊಂಡು ತಿರುಗ್ತಾರಾ ಯಾರಾದ್ರೂ," ಎಂದ. ಬೂಟನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಕೊಡೋ ಇಲ್ಲಿ. ನಾನು ಹಾಕ್ಕೊಂಡು ಪಳಗಿಸಿ ಕೊಡ್ತೀನಿ."

ಓದುಗರೇ, ಇದನ್ನು ನಾನು ಬರೆಯಲಿಲ್ಲ. ಈ ಸಾಲನ್ನು ಮೊದಲ ಕರಡಿನಲ್ಲೇ ಹೊಡೆದು ಹಾಕಿದ್ದೆ, ನೀವೇ ನೋಡಿದ್ದೀರಿ. ಅವನೇ ಎಲ್ಲಿಂದಲೋ ಹೆಕ್ಕಿಕೊಂಡು ಬಂದಿದ್ದಾನೆ.

ಲಿಂಡನ್ ಅಪ್ಪನ ನೆತ್ತಿಯ ಮೇಲಿಂದ ನನ್ನ ಕಡೆ ನೋಡಿದ.

"ಆ ಸಾಲು ಹೊಡೆದು ಹಾಕ್ರೀ," ಎಂದ. "ನಿಮ್ಮ ಕಾಲಿಗೆ ಬೀಳ್ತೀನಿ."

"ಇಟ್ಟುಬಿಡಿ ಅಂತ ಅಂದವನು ನೀನೇ."

"ಆಗ ಅಂದೆ."

ನನಗೆ ಇಷ್ಟು ಮಾತ್ರ ಮಾಡಲು ಸಾಧ್ಯ: ಪೆನ್ನು ಕೆಳಗಿಡುತ್ತೇನೆ. ಇಲ್ಲಿಂದ ಮುಂದಕ್ಕೆ ಲಿಂಡನ್ ಬಾಯಿ ಬಿಟ್ಟು ನಿಜ ಹೇಳಬೇಕು, ಇಲ್ಲವೇ ಎಡಗಾಲನ್ನೂ ಮುಂದೆ ಚಾಚಬೇಕು. ಎರಡರಲ್ಲಿ ಯಾವುದನ್ನೂ ನಾನು ಅವನ ಪರವಾಗಿ ಬರೆದುಕೊಡುವುದಿಲ್ಲ. ನೀವು ಪುಸ್ತಕ ಮುಚ್ಚಿ ಎದ್ದು ಹೋಗಬಹುದು. ಅವನು ಹೋಗುವಂತಿಲ್ಲ. ಬೋಗುಣಿಯ ನೀರು ಆರುತ್ತಿದೆ, ಕ್ಲಿಫರ್ಡ್ ಇನ್ನೊಂದು ಕಾಲು ಕೊಡೆಂದು ಕೈ ಚಾಚಿಕೊಂಡು ಕೂತಿದ್ದಾನೆ.